ತೆಲುಗು ಸೀಮೆಯ ಎತ್ತುಗಳು

“ಬುದ್ಧೀ, ನಮ್ಮಂಥ ಸಾಮಾನ್ಯರೂ ಲಿನಕ್ಸ್ ಕಮಾಂಡುಗಳನ್ನು ಕಲಿಯಬೇಕೇ? ಮೌಸ್ ಹಿಡಿದು ಒತ್ತುವುದು ಸಾಲದೇ?” ಎಂದು ಚನ್ನವೀರ ಗುರುಗಳನ್ನು ಕೇಳಿದ.

ಅವನ ಮುಖ ಬಾಡಿತ್ತು. ಊರೂರು ಸುತ್ತಿ ಅಜ್ಜಿಯರಿಂದ ಹಾಡಿಸಿ ತಂದ ಸೋಬಾನೆ ಪದಗಳೆಲ್ಲ ಲಿನಕ್ಸಿನಲ್ಲಿ ನಡೆಯುವ ಮಠದ ಕಂಪ್ಯೂಟರಿನಲ್ಲಿದ್ದವು. ಹಾಡಿದವರಲ್ಲಿ ಕೆಲವರು ಈಗಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಎಂದಿನ ಚಿತ್ರಗಳೇ ಬರಲಿಲ್ಲ. ಕಪ್ಪು ಪರದೆಯ ಮೇಲೆ ಸಣ್ಣದೊಂದು ಗೆರೆ ಮಿನುಗುತ್ತಿತ್ತು, ಅಷ್ಟೇ. ತಿಳಿದವರೊಬ್ಬರು ಫೋನಿನಲ್ಲಿ, “ಹಾಡುಗಳು ಒಳಗೇ ಇವೆ. ನಾನು ಹೇಳಿದ ಹಾಗೆ ಕಮಾಂಡ್ ಟೈಪ್ ಮಾಡಿ, ಬೇರೆ ಡಿಸ್ಕಿಗೆ ತೆಗೆದುಕೊಳ್ಳಿ” ಎಂದಿದ್ದರು. ಒಂದಕ್ಷರ ತಪ್ಪಿದರೆ ಎಲ್ಲ ಅಳಿಸಿಹೋದೀತೆಂದು ಹೆದರಿ ಅವನು ಎದ್ದು ಬಂದಿದ್ದ.

“ಕೂತ್ಕೋ. ಹೆದರಿದವನಿಗೆ ಕಿವಿ ಚುರುಕಾಗಿರುತ್ತೆ” ಎಂದು ಗುರುಗಳು ನಕ್ಕು ಕತೆ ಹೇಳಿದರು.

ಒಬ್ಬ ರೈತ ತೆಲುಗು ಸೀಮೆಯಿಂದ ಒಂದು ಜೊತೆ ಎತ್ತು ಕೊಂಡು ತಂದ. ಮಾರಿದವನು ಒಳ್ಳೆಯವನು. ಇವಕ್ಕೆ ನಿಮ್ಮ ಮಾತು ತಿಳಿಯದು, ನಿಲ್ಲಿಸಲು ‘ಆಗು’ ಎನ್ನಬೇಕು, ಹಿಂದಕ್ಕೆ ಸರಿಸಲು ‘ವೆನಕ್ಕಿ’ ಎನ್ನಬೇಕು ಎಂದು ಹೇಳಿಕೊಟ್ಟ. ಕೈಯಲ್ಲಿ ಹಗ್ಗವಿರುವಾಗ ಮಾತೇಕೆ ಎಂದುಕೊಂಡ ರೈತ. ಅವನ ಎಣಿಕೆ ಸುಳ್ಳೇನಲ್ಲ. ಹಗ್ಗ ಎಳೆದ ಕಡೆಗೆ ಎತ್ತುಗಳು ತಿರುಗುತ್ತಿದ್ದವು, ಉಳುಮೆ ಸಾಗುತ್ತಿತ್ತು.

ಕೊಟ್ಟಿಗೆ ಗುಡಿಸುವವಳು ಅವನ ಹೆಂಡತಿ. ಹಗ್ಗ ಇರುವುದು ಎತ್ತಿನ ಮುಂದೆ, ಸಗಣಿ ಇರುವುದು ಹಿಂದೆ. ಹಿಂದೆ ನಿಂತವಳ ಕೈಗೆ ಹಗ್ಗ ಸಿಗದು. ಹಾಗಾಗಿ ಅವಳು ಗಂಡನಿಂದ ಕೇಳಿ ಆ ಮಾತುಗಳನ್ನು ಕಲಿತಳು. ಒಮ್ಮೆ ಒಂದು ಹೇಳಬೇಕಾದಲ್ಲಿ ಇನ್ನೊಂದು ಹೇಳಿ ಎತ್ತಿನಿಂದ ಕಾಲು ತುಳಿಸಿಕೊಂಡಳು.

“ದನಕ್ಕೆ ನೀನು ಪಾಠ ಹೇಳ್ತಿದ್ದೀಯೋ, ದನವೇ ನಿನಗೆ ಹೇಳ್ತಿದೆಯೋ?” ಎಂದು ಗಂಡ ಆಡಿಕೊಂಡ. ಅವಳು ಊದಿದ ಹೆಬ್ಬೆರಳಿಗೆ ಅರಿಸಿನ ಹಚ್ಚಿಕೊಂಡು ಮರುದಿನ ಮಾತು ಸರಿಮಾಡಿಕೊಂಡಳು.

ಮಗಳು ಚೊಚ್ಚಲ ಬಸುರಿ. ಹೆರಿಗೆಗೆಂದು ಇಬ್ಬರೂ ಹೋಗಿ ಅವಳನ್ನು ಗಾಡಿಯಲ್ಲಿ ಕರೆತರುತ್ತಿದ್ದರು. ಕೆರೆ ಏರಿಯ ಮೇಲೆ ಬರುವಾಗ ಹಗ್ಗ ಕಿತ್ತುಹೋಯಿತು. ಬಾಯಾರಿದ್ದ ಎತ್ತುಗಳು ನೀರು ಕಂಡು ಕೆರೆಯ ಕಡೆಗೆ ತಿರುಗಿಯೇಬಿಟ್ಟವು. “ನಿಲ್ಲಿ, ನಿಲ್ಲಿ!” ಎಂದು ರೈತ ಕೂಗಿಕೊಂಡ. ಕೂಗಿದಷ್ಟೂ ಅವು ಬೆದರಿ ಮುನ್ನುಗ್ಗಿದವು. ಮಗಳು ಹೊಟ್ಟೆ ಹಿಡಿದುಕೊಂಡಳು.

“ಆಗು” ಎಂದಳು ಹೆಂಡತಿ, ದಿನಾ ಕೊಟ್ಟಿಗೆಯಲ್ಲಿ ಹೇಳುವ ದನಿಯಲ್ಲೇ.

ಎತ್ತುಗಳು ನಿಂತವು. ಒಂದು ಗಾಲಿ ಆಗಲೇ ಅಂಚು ದಾಟಿತ್ತು. ಅವಳು “ವೆನಕ್ಕಿ” ಎಂದಳು. ಹೆಜ್ಜೆ ಹೆಜ್ಜೆಯಾಗಿ ಅವು ಹಿಂದೆ ಸರಿದು ಗಾಡಿಯನ್ನು ಏರಿಯ ಮೇಲೆ ತಂದವು.

ಮೊಮ್ಮಗಳು ಹುಟ್ಟಿದಳು. ರೈತ ಹೊಸ ಹಗ್ಗ ಹೊಸೆದ, ಉಳುವಾಗ ಅದನ್ನೇ ಹಿಡಿದ. ಆದರೆ ಬೆಳಗಾದರೆ ಕೊಟ್ಟಿಗೆಗೆ ಹೋಗಿ ಹೆಂಡತಿಯಿಂದ ಮಾತು ಹೇಳಿಸಿಕೊಳ್ಳತೊಡಗಿದ. ಅವನೂ ಕಾಲು ತುಳಿಸಿಕೊಂಡ. ಈ ಸಲ ನಕ್ಕವಳು ಹೆಂಡತಿ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಕೇಳಿದ: “ನಾನು ಕೊಟ್ಟಿಗೆಯಲ್ಲಿ ಕಲಿಯಲಿಲ್ಲ ಬುದ್ಧೀ. ಈಗ ಏರಿಯ ಮೇಲಿದ್ದೇನಲ್ಲ?”

“ಹೇಳಿಕೊಡೋರು ಫೋನಿನಲ್ಲಿದ್ದಾರೆ, ಎತ್ತು ಬೆಳಿಗ್ಗೆಯಿಂದ ಅಲ್ಲಾಡದೆ ನಿಂತು ನಿನ್ನ ಮಾತಿಗೇ ಕಾಯ್ತಿದೆ, ಹೋಗಿ ಮಾತಾಡಿಸು.”

ಚನ್ನವೀರ ಎದ್ದುಹೋಗಿ ಕಪ್ಪು ಪರದೆಯ ಮುಂದೆ ಕೂತು, ಫೋನ್ ಕಿವಿಗಿಟ್ಟುಕೊಂಡು ಮೊದಲ ಅಕ್ಷರ ಒತ್ತಿದ.