ಮೊದಲೇ ಹೊರಟಿದ್ದ ಗಂಟು

ನಾನು ಮೊದಲ ಸಲ ಊರು ಬಿಟ್ಟಿದ್ದು ಅಮಾವಾಸ್ಯೆಯ ಮಂಗಳವಾರ. ನನ್ನ ಕಾಲು ಒಂದೆಡೆ ನಿಲ್ಲದಿರುವುದು ಅದಕ್ಕೇ ಎನ್ನುತ್ತಿದ್ದರು ಶಂಭು ಜೋಯಿಸರು. ಅವರ ಮನೆಯಲ್ಲಿ ನಾನು ಅಡುಗೆಯವನು. ಹೊರಡುತ್ತೇನೆ ಎಂದಾಗಲೆಲ್ಲ ಪಂಚಾಂಗ ತೆಗೆದು, "ಇವತ್ತು ಹೋದರೆ ಕೆಡುಕು ಕಣೋ" ಎಂದು ಹೆದರಿಸುತ್ತಿದ್ದರು. ನಾನು ಹೆದರಿ ಒಲೆಯ ಮುಂದೆ ಕೂರುತ್ತಿದ್ದೆ.

ಒಮ್ಮೆ ಅವರು ಕಾಶಿಗೆ ಹೊರಟವರೊಬ್ಬರಿಗೆ ಹೇಳಿದರು: "ಗುರುವಾರ ಬೆಳಿಗ್ಗೆ ಒಳ್ಳೆ ಮುಹೂರ್ತ. ಹೊರಡಲಾಗದಿದ್ದರೆ ಗಂಟನ್ನಾದರೂ ಪಕ್ಕದ ಮನೆಯಲ್ಲಿಡಿ. ಪ್ರಯಾಣ ಶುರುವಾದಂತೆಯೇ ಲೆಕ್ಕ."

ಅದೇ ವಾರ, ಶನಿವಾರ ನಾನು ಹೊರಟಾಗ ಮತ್ತೆ ಪಂಚಾಂಗಕ್ಕೆ ಕೈ ಹಾಕಿದರು.

"ಬೇಡಿ ಜೋಯಿಸರೇ. ನಾನು ಗುರುವಾರವೇ ಹೊರಟಾಯಿತು. ಗಂಟು ಪಕ್ಕದ ಮನೆಯಲ್ಲಿದೆ."

ಅವರು ಪುಟ ತಿರುವಿದರು. ಒಂದು ದೋಷವೂ ಸಿಗಲಿಲ್ಲ.

"ಹಾಗಾದರೆ ನಿನ್ನೆ ಸಾರು ಮಾಡಿದವನು ಯಾರೋ?"

"ಯಾರೋ ದಾರಿಹೋಕ."

ಗ್ರಹಣ ನೋಡುವವರಂತೆ ನನ್ನನ್ನೇ ನೋಡಿದರು. "ಶಾಸ್ತ್ರ ದೊಡ್ಡದು ಕಣೋ" ಎಂದು ಪಂಚಾಂಗವನ್ನು ಕಣ್ಣಿಗೊತ್ತಿಕೊಂಡರು. ನಾನೂ ಅದಕ್ಕೆ ಕೈಮುಗಿದು, ಉಳಿದಿದ್ದ ಪಂಚೆಯನ್ನು ಮಡಚಿ ಚೀಲಕ್ಕೆ ತುಂಬಿದೆ.