ವಿಭೂತಿ ಹಚ್ಚದ ಡಿಸ್ಕ್

ಹೊಳೆದಂಡೆಯ ಆ ಮಠದಲ್ಲಿ ಒಂದು ಕಂಪ್ಯೂಟರ್ ಇತ್ತು. ಹದಿನೇಳು ವರ್ಷ ಹಳೆಯದು. ಅದರ ಹೊಟ್ಟೆಯಲ್ಲಿ ಐನೂರ ನಲವತ್ತು ತತ್ವಪದಗಳಿದ್ದವು.

ಮಠದ ಹಿರಿಯರಾದ ಅಡವಯ್ಯಜ್ಜ ಊರೂರು ತಿರುಗಿ, ಹಾಡುವವರ ಎದುರು ಕೂತು, ದನಿ ಹಿಡಿದು ತಂದ ಪದಗಳು ಅವು. ಹಾಡಿದವರಲ್ಲಿ ಬಹಳ ಮಂದಿ ಈಗಿಲ್ಲ.

ಕಂಪ್ಯೂಟರ್ ನೋಡಿಕೊಳ್ಳುವವನು ಶಿಷ್ಯ ಮುರಿಗೆಪ್ಪ. ನಲವತ್ತು ದಾಟಿದ ಆಳು. ಅಜ್ಜ ಅವನಿಗೆ ಹಾಕಿದ ಕಟ್ಟಳೆ ಒಂದೇ: ಪದವನ್ನು ಮೊದಲಿನಿಂದ ಕೊನೆಯವರೆಗೆ ಕೇಳದೆ ಅದರ ಹೆಸರನ್ನು ಪುಸ್ತಕದಲ್ಲಿ ಬರೆಯಬಾರದು. ಒಂಬತ್ತು ವರ್ಷ ಅವನು ಹಾಗೇ ಕೇಳಿದ್ದ, ಹಾಗೇ ಬರೆದಿದ್ದ.

ಒಂದು ದಿನ ಒಳಗಿನ ಡಿಸ್ಕ್ ಹಲ್ಲಿಯಂತೆ ಲೊಚಗುಟ್ಟತೊಡಗಿತು.

ಮಠದ ಕಮಿಟಿಯ ಅಧ್ಯಕ್ಷ ಹಂಪಣ್ಣನಿಗೆ ಇಷ್ಟೇ ಬೇಕಾಗಿತ್ತು. ಆ ಡಬ್ಬಿ ಗುಜರಿಗೆ ಹೋಗಲಿ, ಹೊಸದು ತರಿಸುತ್ತೇನೆ, ಕಮಿಟಿಯ ಸಮಾರಂಭಗಳ ಫೋಟೊ ಇಡೋಣ, ಸತ್ತವರ ಗೊಗ್ಗರು ದನಿ ಯಾರಿಗೆ ಬೇಕು ಎಂದ.

ಅಜ್ಜ ತಲೆ ಎತ್ತಲಿಲ್ಲ. "ಡಬ್ಬಿ ಗಟ್ಟಿ ಐತಿ. ಡಿಸ್ಕ್ ಅಷ್ಟ ಬದಲಿ ಮಾಡ್ತೀವಿ."

"ಆತ್ರಿ. ಸೋಮವಾರ ಬರ್ತೀನಿ. ನಾ ಕೇಳಿದ ಪದ ಕೇಳಸ್ರಿ. ಆಗಲಿಲ್ಲಾಂದ್ರ ಡಬ್ಬೀನೂ ಇಲ್ಲ, ಪದಾನೂ ಇಲ್ಲ."

ಮುರಿಗೆಪ್ಪ ಪೇಟೆಗೆ ಹೋಗಿ ಹೊಸ ಡಿಸ್ಕ್ ತಂದ. ಹಳೆಯದರ ಕಂಪನಿಯದೇ, ಅಷ್ಟೇ ಅಳತೆಯದು. ಡಬ್ಬಿ ಬಿಚ್ಚಿ, ಧೂಳು ಊದಿ, ಹಳೆಯದರ ಪಕ್ಕದಲ್ಲೇ ಅದಕ್ಕೂ ವೈರ್ ಸಿಕ್ಕಿಸಿದ. ಹಳೆಯದರಲ್ಲಿದ್ದದ್ದು ಇದ್ದ ಹಾಗೇ ಹೊಸದಕ್ಕೆ ಇಳಿಯಬೇಕು.

ಅಜ್ಜ ವಿಭೂತಿ ಗಟ್ಟಿಯನ್ನು ಮುಂದೆ ಸರಿಸಿದರು. "ಹಳೇದಕ್ಕ ಒಂದು ಗೆರಿ ಎಳಿ."

ಆ ಮಠದಲ್ಲಿ ತಾಳೆಗರಿ ನಕಲು ಮಾಡುವಾಗ ಮೂಲದ ಕಟ್ಟಿನ ಹಲಗೆಗೆ ವಿಭೂತಿಯ ಒಂದು ಗೆರೆ ಎಳೆಯುವುದು ರೂಢಿ. ಇದು ತುಂಬಿದ್ದು, ಇದರ ಮೇಲೆ ಬರೆಯಬಾರದು ಎಂದು ಅರ್ಥ.

ಮುರಿಗೆಪ್ಪ ನಕ್ಕ. "ಅಜ್ಜಾರ, ಇದು ತಾಳೆಗರಿ ಅಲ್ಲ. ಇದಕ್ಕ ಎಲ್ಲಾ ತಾನ ಗೊತ್ತಿರತೈತಿ."

ಅಜ್ಜ ಗಟ್ಟಿಯನ್ನು ಅಲ್ಲೇ ಬಿಟ್ಟು ಹೊಳೆಯ ಕಡೆ ಹೋದರು.

ಪರದೆಯ ಮೇಲೆ ಎರಡು ಡಿಸ್ಕ್ ಕಂಡವು. ಒಂದೇ ಹೆಸರು, ಒಂದೇ ಅಳತೆ. ಕೊನೆಯ ನಂಬರು ಮಾತ್ರ ಬೇರೆ. ಆ ನಂಬರು ಡಿಸ್ಕಿನ ಬೆನ್ನಿನ ಮೇಲೂ ಇರುತ್ತದೆ. ಗೆರೆ ಎಳೆಯಲು ಹಳೆಯದನ್ನು ಕೈಗೆತ್ತಿಕೊಂಡಿದ್ದರೆ ಕಾಣುತ್ತಿತ್ತು.

ಅವನು ಎತ್ತಿಕೊಳ್ಳಲಿಲ್ಲ. ಮೇಲಿನದೇ ಹಳೆಯದಿರಬೇಕು ಎಂದುಕೊಂಡು, ಅದರಿಂದ ಕೆಳಗಿನದಕ್ಕೆ ನಕಲಾಗಲಿ ಎಂದು ಒತ್ತಿದ.

ಅರ್ಧ ತಾಸಿನ ಮೇಲೆ ಯಾಕೋ ಅನುಮಾನ ಬಂತು. ಬಗ್ಗಿ ಬೆನ್ನಿನ ನಂಬರು ಓದಿದ. ಓದಿದವನೇ ವೈರ್ ಕಿತ್ತ.

ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ನಕಲಾಗುತ್ತಿತ್ತು.

ಎರಡು ದಿನ ಒದ್ದಾಡಿ, ಅಳಿಯದೆ ಉಳಿದದ್ದನ್ನು ಹೊಸದಕ್ಕೆ ಎಳೆದುಕೊಂಡ. ಈ ಸಲ ಹಳೆಯದಕ್ಕೆ ಗೆರೆ ಎಳೆದೇ ಕೂತ. ಮುನ್ನೂರ ಹನ್ನೆರಡು ಸಿಕ್ಕವು. ಉಳಿದವು ಹೋಗಿಯೇ ಹೋದವು. ತನ್ನ ಹಣೆಗೆ ವಿಭೂತಿ ಹಚ್ಚಿಕೊಳ್ಳಲು ಮಾತ್ರ ಕೈ ಏಳಲಿಲ್ಲ.

ಮಠ ಬಿಟ್ಟು ಹೋಗುತ್ತೇನೆ ಎಂದ.

"ಸೋಮವಾರ ಹೋಗು," ಅಂದರು ಅಜ್ಜ. "ಮೊದಲ ಈ ಡಬ್ಬಿ ಸ್ಕ್ರೂ ಬಿಗಿ ಮಾಡು."

ಕಳೆದುಹೋದ ಪದಗಳ ಹಾಳೆಗಳನ್ನು ಪುಸ್ತಕದಿಂದ ಹರಿದುಬಿಡಲೇ ಎಂದೂ ಕೇಳಿದ. ಹಂಪಣ್ಣ ಅದನ್ನು ನೋಡಿಯೇ ತಾನೇ ಆರಿಸುವುದು. ಅಜ್ಜ ಅವನ ಮುಖವನ್ನೇ ನೋಡಿದರು. ಅವನು ಪುಸ್ತಕ ಮುಚ್ಚಿದ.

ಸೋಮವಾರ ಹಂಪಣ್ಣ ಗುಜರಿಯವನನ್ನು ಜೊತೆಗೆ ಕರೆದುಕೊಂಡೇ ಬಂದ. ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟ.

"ಇನ್ನೂರಾ ಆರು. ಕುಂಬಾರ ತಂಗೆವ್ವ ಹಾಡಿದ್ದು. ಹಚ್ಚು."

ಮುರಿಗೆಪ್ಪ ಎದ್ದು ನಿಂತ. "ಅದು ಇಲ್ಲ. ನಾನ ಅಳಿಸೀನಿ. ಅದೊಂದ ಅಲ್ಲ, ಇನ್ನೂರಾ ಇಪ್ಪತ್ತೆಂಟು ಅಳಿಸೀನಿ."

ಹಂಪಣ್ಣ ಗುಜರಿಯವನ ಕಡೆ ತಿರುಗಿದ. "ಡಬ್ಬಿ ಎತ್ತು. ಇವನನ್ನೂ ಹಾಕ್ಕೊಂಡು ಹೋಗು, ತೂಕಕ್ಕ ಬರ್ತಾನ."

ಗುಜರಿಯವನು ಡಬ್ಬಿಗೆ ಕೈ ಹಾಕಿದ. ಮುರಿಗೆಪ್ಪ ಅದರ ನೆತ್ತಿಯ ಮೇಲೆ ಅಂಗೈ ಊರಿದ.

"ಪದ ಕೇಳ್ತೀನಿ ಅಂದಿದ್ರಿ. ಕೇಳಿ ಹೋಗ್ರಿ."

ಹಾಡಿದ. ಒಡಕು ದನಿ. ತಂಗೆವ್ವ ಎರಡನೆಯ ನುಡಿಯಲ್ಲಿ ಉಸಿರಿಗಾಗಿ ನಿಂತಿದ್ದಳು. ಅವನೂ ಅಲ್ಲೇ ನಿಂತು, ಅವಳಷ್ಟೇ ಹೊತ್ತು ನಿಂತು, ಮುಂದೆ ಹೋದ. ಹಾಗೆ ನಿಂತದ್ದು ಅವನಿಗೂ ಆಮೇಲೆಯೇ ತಿಳಿದದ್ದು.

ಮುಗಿದ ಮೇಲೆ ಇನ್ನೂರಾ ಏಳು ಎತ್ತಿಕೊಂಡ. ಯಾರೂ ಕೇಳಿರಲಿಲ್ಲ. ಆಮೇಲೆ ಇನ್ನೂರಾ ಎಂಟು. ಗುಜರಿಯವನು ಡಬ್ಬಿಯಿಂದ ಕೈ ತೆಗೆದು ಕಂಬಕ್ಕೆ ಒರಗಿ ಕೂತ.

"ಎಷ್ಟಂತ ಹಾಡ್ತೀಯೋ?" ಅಂದ ಹಂಪಣ್ಣ.

"ಅಳಿಸಿದಷ್ಟೂ."

ಅಜ್ಜ ಎದ್ದರು. ವಿಭೂತಿ ಗಟ್ಟಿಗೆ ನೀರು ತಾಕಿಸಿ ಬಂದು, ಎರಡು ದಿನದಿಂದ ಬರಿದಾಗಿದ್ದ ಮುರಿಗೆಪ್ಪನ ಹಣೆಗೆ ಗೆರೆ ಎಳೆದರು. ಮೂರಲ್ಲ, ಒಂದೇ.

"ಇದೇನ್ ಹೊಸಾ ಪದ್ಧತಿ ಅಜ್ಜಾರ?" ಅಂದ ಹಂಪಣ್ಣ.

"ಹಳೇದ. ಇದು ತುಂಬೈತಿ ಅನ್ನೂ ಗುರುತು. ಇದರ ಮ್ಯಾಲೆ ಖಾಲಿ ಸುರೀಬ್ಯಾಡ, ಹಂಪಣ್ಣ."