ಅಳಿಸಿದ ಚುಕ್ಕೆ

ಶಿಷ್ಯ ಬರೆಯುವ ಹಲಗೆ ಹಿಡಿದು ಬಂದು ಕೇಳಿದ: “ಗುರುಗಳೇ, ಋಣಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಋಣ ಹೋಗಿಬಿಡುತ್ತದೆ. ಹೋಗುವುದನ್ನು ಮೊದಲೇ ಅಳಿಸಿದರೆ ತಪ್ಪೇನು?”

ಗುರು ಹೇಳಿದರು: ಕೇಳು ಮಗೂ. ಒಬ್ಬ ತೂಗುಸೇತುವೆ ಕಟ್ಟುವವನಿದ್ದ. ಅವನ ಲೆಕ್ಕದಲ್ಲಿ ಹೊಳೆಯ ನಡುವೆ ಸೊನ್ನೆ. ಆ ದಡದ ಕಡೆ ಎಣಿಸಿದರೆ ಧನ, ಈ ದಡದ ಕಡೆ ಎಣಿಸಿದರೆ ಋಣ. ಋಣವಾದರೆ ಅಂಕಿಯ ತಲೆಯ ಮೇಲೊಂದು ಚುಕ್ಕೆ. ಹಲಗೆ ತೂಗುವ ಹಗ್ಗಕ್ಕೆ ಹಿರಿಯರು ಕೊಟ್ಟ ಸೂತ್ರವಿತ್ತು: ಸ್ಥಾನವನ್ನು ಅದರಿಂದಲೇ ಗುಣಿಸು, ಅದಕ್ಕೆ ಸ್ಥಾನವನ್ನು ಕೂಡಿಸು, ನಾಲ್ಕು ಕೂಡಿಸು. ಬಂದಷ್ಟು ಗೇಣು ಹಗ್ಗ.

ಹೊಸ ಸೇತುವೆಯನ್ನು ಕಟ್ಟಿದವನ ಮನೆಯವರೇ ಮೊದಲು ದಾಟಬೇಕು, ಅದು ಆ ಊರಿನ ಕಟ್ಟಳೆ. ಅವನಿಗೆ ಇದ್ದವಳು ಒಬ್ಬಳೇ ಮಗಳು.

ಅವಳು ಲೆಕ್ಕ ನೋಡಿ ಕೇಳಿದಳು: “ಅಪ್ಪಾ, ಈ ಮೂರರ ತಲೆ ಮೇಲೆ ಚುಕ್ಕೆ ಇತ್ತಲ್ಲ?”

“ಋಣದ ಚುಕ್ಕೆ ಕಣವ್ವ, ಅಳಿಸಿದೆ. ನೀನು ಕಾಲಿಡೋ ಸೇತುವೆಗೆ ಋಣ ಅನ್ನೋ ಮಾತು ಯಾಕೆ? ಗುಣಿಸಿದರೆ ಹೇಗಿದ್ದರೂ ಒಂಬತ್ತೇ.”

“ನಿನ್ನ ಲೆಕ್ಕ ನಿನಗೇ ಇರಲಿ. ನಾನು ಬಿದ್ದರೆ ಮಾತ್ರ ನೀನೇ ಹಿಡ್ಕೋಬೇಕು ನೋಡು!” ಎಂದು ನಕ್ಕಳು.

ಗುಣಿಸುವಾಗ ಒಂಬತ್ತೇ ಬಂತು, ಅದು ಸರಿ. ಆದರೆ ಅಲ್ಲಿಂದ ಮುಂದೆ ಮೂರನ್ನು ಕಳೆಯಬೇಕಿತ್ತು. ಚುಕ್ಕೆ ಇರಲಿಲ್ಲ, ಕೂಡಿಸಿದ. ಹತ್ತು ಗೇಣಿನ ಹಗ್ಗ ಹದಿನಾರು ಗೇಣಾಯಿತು. ಈ ದಡದ ಹಲಗೆಗಳು ನೀರಿನ ಹತ್ತಿರಕ್ಕೆ ಜೋತುಬಿದ್ದವು. ಹೊಸ ಹಗ್ಗ, ಬಿಸಿಲಿಗೆ ಬಿಗಿಯಾದೀತು ಅಂದುಕೊಂಡ.

ದಾಟುವ ದಿನ ಮಗಳು ಈ ದಡದಿಂದ ಹೊರಟಳು. ಮೂರರ ಗುರುತಿಗೆ ಬಂದಾಗ ಮೇಲಿನಿಂದ ಹೊಸ ನೀರು ನುಗ್ಗಿತು. ಹಗ್ಗ ಹತ್ತೇ ಗೇಣು ಇದ್ದಿದ್ದರೆ ಆ ನೀರು ಅವಳ ಪಾದದ ಕೆಳಗೇ ಹೋಗುತ್ತಿತ್ತು. ಆದರೆ ಅದು ಹಲಗೆಯನ್ನೂ ಅವಳನ್ನೂ ಒಟ್ಟಿಗೇ ಒಯ್ದಿತು. ಅಪ್ಪ ಚಾಚಿದ ಕೈ ಹಗ್ಗಕ್ಕೂ ತಾಕಲಿಲ್ಲ.

ಮೂರನೆಯ ದಿನ ಊರವರು ಬಂದು ಪಕ್ಕದಲ್ಲಿ ಕೂತರು. ಸಾವಿನ ಮನೆಯಲ್ಲಿ ಎಲ್ಲರೂ ಆಡುವ ಮಾತನ್ನೇ ಆಡಿದರು: “ಸಮಾಧಾನ ಮಾಡ್ಕೊಳಪ್ಪ. ಅವಳ ಋಣ ತೀರಿತು.”

“ತೀರಲಿಲ್ಲ,” ಅಂದ ಅವನು. “ನಾನು ಅಳಿಸಿದೆ.”

ಕತೆ ಮುಗಿಸಿ ಗುರು ಕೈ ಚಾಚಿದರು: “ನಿನ್ನ ಹಲಗೆ ಕೊಡು ಮಗೂ, ಚುಕ್ಕೆ ಎಲ್ಲಿತ್ತು ತೋರಿಸು.”

ಶಿಷ್ಯ ಬಳಪ ತೆಗೆದು, ತಾನು ಅಳಿಸಿದ್ದ ಚುಕ್ಕೆಯನ್ನು ಅಂಕಿಯ ತಲೆಯ ಮೇಲೆ ಮತ್ತೆ ಇಟ್ಟ.